ಗೈಡಿನಲ್ಲಿ 130, ನಮ್ಮ ಮನೆಯಲ್ಲಿ 50: ವೃತ್ತದ ಲೆಕ್ಕದ ಜಗಳ

ವಿದ್ಯಾನಗರದ ಅಪ್ಪ (ದಾವಣಗೆರೆ):
ಮಗಳು ಒಂಬತ್ತನೇ ತರಗತಿ. ವೃತ್ತಗಳ ಪಾಠ ನಡೆಯುತ್ತಿದೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಲೆಕ್ಕ ಇಷ್ಟೇ. ಒ ಕೇಂದ್ರವಿರುವ ವೃತ್ತದಲ್ಲಿ ಎಬಿ ಒಂದು ಜ್ಯಾ, ಅಂದರೆ ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ. ಎಒಬಿ ಕೋನ 100 ಡಿಗ್ರಿ. ಸಿ ವೃತ್ತದ ಮೇಲಿನ ಒಂದು ಬಿಂದು. ಎಸಿಬಿ ಕೋನ ಎಷ್ಟು?

ಕೇಂದ್ರದಲ್ಲಿನ ಕೋನ ಪರಿಧಿಯಲ್ಲಿನ ಕೋನದ ಎರಡರಷ್ಟು. 100ರ ಅರ್ಧ 50. ನಾನೂ 50 ಎಂದೆ, ಮಗಳೂ 50 ಎಂದಳು. ಗೈಡಿನ ಹಿಂಭಾಗದಲ್ಲಿ 130 ಎಂದು ಅಚ್ಚಾಗಿದೆ. ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿದರೆ ‘ಗೈಡ್ ಸರಿಯಾಗಿದೆ, ಚಿತ್ರ ಬರೆದು ನೋಡಿ’ ಎಂದು ಇಟ್ಟುಬಿಟ್ಟರು. ನಾನು ಬಿ.ಕಾಂ. ಓದಿ 25 ವರ್ಷದಿಂದ ಲೆಕ್ಕಪತ್ರ ಬರೆಯುತ್ತಿರುವವನು. ನೂರನ್ನು ಅರ್ಧ ಮಾಡಲು ನನಗೆ ಬರುವುದಿಲ್ಲವೇ?

ಇನ್ನೊಂದು ಮಾತು. ಇವಳು ಪ್ರಮೇಯಗಳನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾಳೆ. ಅದೇ ಚಿತ್ರವನ್ನು ಸ್ವಲ್ಪ ಓರೆ ಮಾಡಿ ಕೊಟ್ಟರೆ ಕೈ ನಿಂತುಬಿಡುತ್ತದೆ. ಮನೆಯಲ್ಲಿ ಅಭ್ಯಾಸ ಹೇಗೆ ಮಾಡಿಸಬೇಕು?

ಮಂಡಕ್ಕಿ ಭಟ್ಟಿ:
ತಪ್ಪಿಲ್ಲದ ಗೈಡನ್ನು ನಾನಂತೂ ನೋಡಿಲ್ಲ. 50 ಸರಿ. ನೆಮ್ಮದಿಯಾಗಿ ಮಲಗಿ.

ಹತ್ತನೇ ಬಿ:
ನನಗೂ 50 ಬಂತು ಅಂಕಲ್.

ಮೂಲೆಮಟ್ಟ (ಹರಿಹರ):
ಸಿ ಯಾವ ಕಡೆ ಇದೆ? ‘ವೃತ್ತದ ಮೇಲೆ’ ಎಂದರೆ ಸಾಲದು. ಪ್ರಶ್ನೆಯನ್ನು ಗೈಡಿನಲ್ಲಿ ಇದ್ದ ಹಾಗೆ, ಒಂದು ಅಕ್ಷರವನ್ನೂ ಬಿಡದೆ ಬರೆಯಿರಿ.

ವಿದ್ಯಾನಗರದ ಅಪ್ಪ:
‘ಸಿ ಬಿಂದುವು ಲಘು ಕಂಸ ಎಬಿಯ ಮೇಲಿದೆ’ ಎಂದಿದೆ, ಅಂದರೆ ಎಬಿ ಕತ್ತರಿಸಿದ ಪರಿಧಿಯ ಸಣ್ಣ ಭಾಗದ ಮೇಲೆ. ಅಷ್ಟೇ ವ್ಯತ್ಯಾಸ.

ಮೂಲೆಮಟ್ಟ:
ಅಷ್ಟೇ ವ್ಯತ್ಯಾಸ! 80 ಡಿಗ್ರಿ ವ್ಯತ್ಯಾಸ, ಯಜಮಾನರೇ.

ಮಂಡಕ್ಕಿ ಭಟ್ಟಿ:
ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಂಡೆ. ಮಲಗಬೇಡಿ.

ನಿವೃತ್ತ ಮೇಷ್ಟ್ರು (ಚಿತ್ರದುರ್ಗ):
ಹೆಸರಿನಲ್ಲೇ ವೃತ್ತ ಇಟ್ಟುಕೊಂಡವನು ಸುಮ್ಮನಿರಲು ಆಗುವುದಿಲ್ಲ, ಬರೆಯುತ್ತೇನೆ.

ನಿಮ್ಮ ಮಗಳಿಗೆ ‘ಎರಡರಷ್ಟು’ ನೆನಪಿದೆ, ‘ಯಾವ ಕಂಸ’ ಎನ್ನುವುದು ಬಿಟ್ಟುಹೋಗಿದೆ. ಪರಿಧಿಯ ಮೇಲೆ ನಿಂತ ಕೋನ ಯಾವಾಗಲೂ ತನ್ನ ಎದುರಿನ ಕಂಸವನ್ನು ನೋಡುತ್ತದೆ, ತಾನು ನಿಂತ ಕಂಸವನ್ನಲ್ಲ. ಸಿ ಲಘು ಕಂಸದ ಮೇಲೆ ನಿಂತಿದೆ, ಹಾಗಾಗಿ ಅದು ನೋಡುವುದು ಅಧಿಕ ಕಂಸವನ್ನು, ಅಂದರೆ ಉಳಿದ ದೊಡ್ಡ ಭಾಗವನ್ನು. ಅಧಿಕ ಕಂಸ ಕೇಂದ್ರದಲ್ಲಿ ಉಂಟುಮಾಡುವ ಕೋನ 360ರಿಂದ 100 ಕಳೆದರೆ 260. ಅದರ ಅರ್ಧ 130. ಗೈಡ್ ಸರಿ, ನಿಮ್ಮ ಟ್ಯೂಷನ್ ಮೇಷ್ಟ್ರೂ ಸರಿ. ಫೋನ್ ಇಟ್ಟದ್ದು ಮಾತ್ರ ತಪ್ಪು.

ನಂಬಿಕೆ ಬರದಿದ್ದರೆ ಇನ್ನೊಂದು ದಾರಿ. ಅಧಿಕ ಕಂಸದ ಮೇಲೆ ಡಿ ಎಂದು ಒಂದು ಬಿಂದು ಇಡಿ. ಎಡಿಬಿ ಕೋನ ನೀವು ಹೇಳಿದ 50. ಈಗ ಎ, ಸಿ, ಬಿ, ಡಿ ಸೇರಿ ಚಕ್ರೀಯ ಚತುರ್ಭುಜ, ಅಂದರೆ ನಾಲ್ಕೂ ಮೂಲೆ ವೃತ್ತದ ಮೇಲಿರುವ ಚತುರ್ಭುಜ. ಎದುರು ಕೋನಗಳ ಮೊತ್ತ 180. ಮತ್ತೆ 130.

ಮೂರನೆಯದು ನನಗೆ ಇಷ್ಟವಾದದ್ದು, ಏಕೆಂದರೆ ಅದಕ್ಕೆ ಯಾವ ಪ್ರಮೇಯವೂ ಬಾಯಿಗೆ ಬರಬೇಕಾಗಿಲ್ಲ. ಒಸಿ ತ್ರಿಜ್ಯ ಎಳೆಯಿರಿ. ಒಎ, ಒಸಿ, ಒಬಿ ಮೂರೂ ತ್ರಿಜ್ಯಗಳೇ, ಆದ್ದರಿಂದ ಎರಡು ಸಮದ್ವಿಬಾಹು ತ್ರಿಭುಜಗಳು ಎದ್ದು ಕಾಣುತ್ತವೆ. ಸಿಯಲ್ಲಿರುವ ಎರಡು ಪಾದಕೋನಗಳನ್ನು ಕೂಡಿದರೆ ಎಸಿಬಿ ಕೋನ. ಎರಡೂ ತ್ರಿಭುಜಗಳ ಕೋನಗಳ ಮೊತ್ತ 360. ಅದರಲ್ಲಿ ಕೇಂದ್ರದಲ್ಲಿರುವ 100 ತೆಗೆದರೆ ನಾಲ್ಕು ಪಾದಕೋನಗಳಿಗೆ 260 ಉಳಿಯುತ್ತದೆ. ಸಿಗೆ ಅದರ ಅರ್ಧ.

ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಒಂದೇ. ವೃತ್ತದ ಲೆಕ್ಕದಲ್ಲಿ ತಲೆ ಓಡದಿದ್ದರೆ ಕೇಂದ್ರದಿಂದ ಪರಿಧಿಯ ಮೇಲಿನ ಬಿಂದುಗಳಿಗೆಲ್ಲ ತ್ರಿಜ್ಯ ಎಳೆ, ಆಮೇಲೆ ಅಳು.

ಎರಡು ಅಂಕ:
ಮೇಷ್ಟ್ರೇ, ಇಲ್ಲಿ ತಪ್ಪು ಮಕ್ಕಳದ್ದಲ್ಲ, ಹೆಸರುಗಳದ್ದು. ಕನ್ನಡ ಮಾಧ್ಯಮದ ಪುಸ್ತಕದಲ್ಲಿ 90ಕ್ಕಿಂತ ಕಡಿಮೆ ಇರುವುದು ಲಘು ಕೋನ, ಸಣ್ಣ ಕಂಸ ಲಘು ಕಂಸ. ಮಗು ‘ಲಘು ಕಂಸ’ ಎಂದು ಓದಿದ ತಕ್ಷಣ ‘ಲಘು ಕೋನ’ ಎಂದುಕೊಳ್ಳುತ್ತದೆ. ನಡೆಯುವುದು ತದ್ವಿರುದ್ಧ: ಲಘು ಕಂಸದ ಮೇಲಿನ ಬಿಂದುವಿನಲ್ಲಿ ವಿಶಾಲ ಕೋನ, ಅಧಿಕ ಕಂಸದ ಮೇಲಿನ ಬಿಂದುವಿನಲ್ಲಿ ಲಘು ಕೋನ. ನಾನು ಇದರಲ್ಲೇ ಎರಡು ಅಂಕ ಕಳೆದುಕೊಂಡವನು, ಅದಕ್ಕೇ ಈ ಹೆಸರು.

ನಿವೃತ್ತ ಮೇಷ್ಟ್ರು:
ಒಳ್ಳೆಯ ಮಾತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ವಿದ್ಯಾನಗರದ ಅಪ್ಪ:
ಕೋನಮಾಪಕ ಹಿಡಿದು ಅಳೆದೆವು. 128 ಬಂತು.

ಮೂಲೆಮಟ್ಟ:
ಉಳಿದ ಎರಡು ಡಿಗ್ರಿ ನಿಮ್ಮ ಕೈವಾರದ ತಿರುಪಿನಲ್ಲಿದೆ. ಬಿಗಿ ಮಾಡಿ. ಸಡಿಲವಿದ್ದರೆ ವೃತ್ತ ಹೊರಟ ಜಾಗಕ್ಕೆ ವಾಪಸ್ ಬಂದು ಕೂಡಿಕೊಳ್ಳುವುದೇ ಇಲ್ಲ.

ಅಶೋಕ ರಸ್ತೆ ಅಕ್ಕ:
ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಲ್ಲ, ನಾನು ಹೇಳುತ್ತೇನೆ. ನನ್ನ ಇಬ್ಬರು ಮಕ್ಕಳೂ ಇದೇ ರೋಗದಲ್ಲಿ ನರಳಿದವರು. ಪುಸ್ತಕಗಳಲ್ಲಿ ಜ್ಯಾ ಯಾವಾಗಲೂ ಕೆಳಗೆ ಅಡ್ಡಡ್ಡ ಮಲಗಿರುತ್ತದೆ, ಬಿಂದು ಯಾವಾಗಲೂ ನೆತ್ತಿಯ ಮೇಲೆ. ಗೋಡೆಗೆ ಹಾಕಿದ ದೇವರ ಪಟದ ಹಾಗೆ ನೆಟ್ಟಗೆ. ಮಕ್ಕಳು ಕಲಿಯುವುದು ಆ ಪಟವನ್ನು, ಪ್ರಮೇಯವನ್ನಲ್ಲ.

ನಾನು ಮಾಡಿದ್ದು ಇಷ್ಟು. ಒಂದು ಚಿತ್ರ ಬರೆಸುವುದು, ನೋಟ್‌ಬುಕ್ಕನ್ನು ಕಾಲು ಸುತ್ತು ತಿರುಗಿಸುವುದು, ಅದೇ ಪ್ರಮೇಯವನ್ನು ಈಗ ಹೇಳು ಎನ್ನುವುದು. ಮತ್ತೆ ತಿರುಗಿಸುವುದು. ಎ ಬಿ ಸಿ ಬದಲು ಕ ಖ ಗ ಹಾಕುವುದು. ಮೊದಲ ವಾರ ಇಬ್ಬರೂ ನನ್ನನ್ನು ಬೈದುಕೊಂಡರು. ಮೂರನೆಯ ವಾರದಿಂದ ಅವರೇ ಪುಸ್ತಕ ತಿರುಗಿಸಿ ಓದತೊಡಗಿದರು. ಕೇಳದೆ ಬಂದ ಇನ್ನೊಂದು ಸಲಹೆ: ಚಿತ್ರ ದೊಡ್ಡದಾಗಿ ಬರೆಯಬೇಕು. ಬಟಾಣಿ ಗಾತ್ರದ ವೃತ್ತದೊಳಗೆ ಐದು ಗೆರೆ ಎಳೆದರೆ ಕೋನ ಯಾರಿಗೆ ಕಾಣುತ್ತದೆ?

ಹತ್ತನೇ ಬಿ:
ಆಂಟಿ, ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ? ಎಸ್.ಎಸ್.ಎಲ್.ಸಿ.ಯಲ್ಲಿ ಸ್ಪರ್ಶಕದ ಪ್ರಮೇಯ ಕೇಳಿದರೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಸಾಲಾಗಿ ಬರೆದರೆ ಅಂಕ ಬರುತ್ತದೆ. ಬಾಯಿಪಾಠವೇ ಭದ್ರ.

ಅಶೋಕ ರಸ್ತೆ ಅಕ್ಕ:
ಬರುತ್ತದೆ. ಅದೇ ಪ್ರಮೇಯವನ್ನು ಬಳಸುವ ಲೆಕ್ಕ ಕೇಳಿದರೆ?

ಹತ್ತನೇ ಬಿ:
ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ.

ನಿವೃತ್ತ ಮೇಷ್ಟ್ರು:
ಹೋಗಬೇಡ ತಮ್ಮಾ, ಇಲ್ಲೇ ನಿಲ್ಲು. ತ್ರಿಜ್ಯ 6 ಸೆಂ.ಮೀ. ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಒಂದು ಬಿಂದು. ಅಲ್ಲಿಂದ ವೃತ್ತಕ್ಕೆ ಎಳೆದ ಸ್ಪರ್ಶಕದ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಯ, ಉದ್ದ ಎಷ್ಟು?

ಹತ್ತನೇ ಬಿ:
ಸ್ಪರ್ಶಕ ತ್ರಿಜ್ಯಕ್ಕೆ ಲಂಬ. 100ರಲ್ಲಿ 36 ಹೋದರೆ 64. ಉದ್ದ 8 ಸೆಂ.ಮೀ.

ನಿವೃತ್ತ ಮೇಷ್ಟ್ರು:
ಶಹಬ್ಬಾಸ್. ಅದನ್ನು ಕೈವಾರದಲ್ಲಿ ಬರೆಯುವಾಗ ಕೇಂದ್ರ ಮತ್ತು ಹೊರಗಿನ ಬಿಂದುವನ್ನು ಸೇರಿಸಿ, ಅದರ ಮಧ್ಯಬಿಂದುವಿನಿಂದ ಇನ್ನೊಂದು ವೃತ್ತ ಎಳೆಯುತ್ತೀಯಲ್ಲ, ಏಕೆ?

ಹತ್ತನೇ ಬಿ:
ಹಾಗೆ ಎಳೆಯಬೇಕು ಎಂದು ಹೇಳಿಕೊಟ್ಟಿದ್ದಾರೆ.

ನಿವೃತ್ತ ಮೇಷ್ಟ್ರು:
ನೋಡಿದಿರಾ! ಆ ಎರಡನೆಯ ವೃತ್ತಕ್ಕೆ ಕೇಂದ್ರದಿಂದ ಹೊರಬಿಂದುವಿನವರೆಗಿನ ಗೆರೆಯೇ ವ್ಯಾಸ. ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿ. ಎರಡು ವೃತ್ತಗಳು ಕತ್ತರಿಸುವ ಜಾಗದಲ್ಲಿ ತ್ರಿಜ್ಯಕ್ಕೆ ಲಂಬ ತಾನಾಗಿ ಸಿಗುತ್ತದೆ. ಒಂಬತ್ತನೇ ತರಗತಿಯ ಪಾಠ ಹತ್ತನೇ ತರಗತಿಯ ರಚನೆಯ ಹೊಟ್ಟೆಯಲ್ಲಿ ಕುಳಿತಿದೆ.

ಮೂಲೆಮಟ್ಟ:
ಅದೇ ಅರ್ಧವೃತ್ತದ ಪ್ರಮೇಯದಿಂದ ನನ್ನ ಹೊಟ್ಟೆ ತುಂಬುತ್ತಿದೆ, ಮೇಷ್ಟ್ರೇ. ನಾನು ಮರಗೆಲಸದವನು, ಓದಿದ್ದು ಎಂಟನೆಯವರೆಗೆ. ದುಂಡು ಮೇಜಿನ ಹಲಗೆ ಬರುತ್ತದೆ, ನಡುವೆ ಕಾಲು ಕೂರಿಸಬೇಕು, ಕೇಂದ್ರ ಎಲ್ಲಿದೆ ಗೊತ್ತಿಲ್ಲ. ಮೂಲೆಮಟ್ಟದ ಮೂಲೆಯನ್ನು ಹಲಗೆಯ ಅಂಚಿಗೆ ಸರಿಯಾಗಿ ತಾಗಿಸುತ್ತೇನೆ. ಅದರ ಎರಡು ಕೈಗಳು ಅಂಚನ್ನು ಎಲ್ಲಿ ದಾಟುತ್ತವೆಯೋ ಅಲ್ಲಿ ಎರಡು ಗುರುತು. ಆ ಗುರುತುಗಳನ್ನು ಸೇರಿಸಿದರೆ ವ್ಯಾಸ. ಹಲಗೆಯನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ. ಎರಡು ವ್ಯಾಸ ಕೂಡಿದ ಜಾಗದಲ್ಲಿ ಮೊಳೆ. ನನ್ನ ಗುರುಗಳು ಕಲಿಸಿದ್ದು ಇದು. ಅವರಿಗೆ ಪ್ರಮೇಯ ಎಂಬ ಪದವೇ ಗೊತ್ತಿರಲಿಲ್ಲ. ಮೂಲೆಮಟ್ಟ ಸಣ್ಣದಾದರೆ ರಟ್ಟಿನ ಪೆಟ್ಟಿಗೆಯ ಮೂಲೆ ಕತ್ತರಿಸಿಕೊಂಡರೂ ಆಗುತ್ತದೆ. ಮಗಳಿಗೆ ಊಟದ ತಟ್ಟೆ ಕೊಟ್ಟು ಮಾಡಿಸಿ ನೋಡಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ):
ಮರಗೆಲಸದವರಿಗೆ ನಮಸ್ಕಾರ. ಇಡೀ ಚರ್ಚೆಯಲ್ಲಿ ಚಿನ್ನದಂತಹ ಉತ್ತರ ಇದು.

ಮಂಡಕ್ಕಿ ಭಟ್ಟಿ:
ತಟ್ಟೆ ಎಂದಾಗ ನೆನಪಾಯಿತು. ವೃತ್ತ ಕಲಿಯಲು ನಮ್ಮೂರಿನಲ್ಲಿ ಬೆಣ್ಣೆ ದೋಸೆ ಇಲ್ಲವೇ? ಮಡಿಸಿದರೆ ಅರ್ಧವೃತ್ತ. ನಡುವಿನಿಂದ ಎರಡು ಕಡೆ ಕತ್ತರಿಸಿದರೆ ತ್ರಿಜ್ಯಾಂತರ ಖಂಡ. ಅಂಚಿನಿಂದ ನೇರವಾಗಿ ಒಂದು ತುಂಡು ಹರಿದರೆ ವೃತ್ತಖಂಡ.

ಕೋಟೆಮನೆ (ಚಿತ್ರದುರ್ಗ):
ದಾವಣಗೆರೆಯವರು ಯಾವ ಚರ್ಚೆಯನ್ನಾದರೂ ಹತ್ತು ನಿಮಿಷದಲ್ಲಿ ದೋಸೆಗೆ ತಂದು ನಿಲ್ಲಿಸುತ್ತಾರೆ.

ಮಂಡಕ್ಕಿ ಭಟ್ಟಿ:
ನೀವು ಕೋಟೆಗೆ ತರುವುದಿಲ್ಲವೇ?

ಕೋಟೆಮನೆ:
ತರುತ್ತೇನೆ, ಕೇಳಿ. ‘ಏಳು ಸುತ್ತಿನ ಕೋಟೆ’ ಎಂದ ಕೂಡಲೇ ಮಕ್ಕಳು ಏಳು ಏಕಕೇಂದ್ರೀಯ ವೃತ್ತ ಬರೆದುಕೊಂಡು ಬರುತ್ತಾರೆ. ಸುತ್ತು ಬೇರೆ, ವೃತ್ತ ಬೇರೆ. ಗೋಡೆಗಳು ಬೆಟ್ಟ ಹೋದ ಹಾಗೆ ಹೋಗಿವೆ. ಅದು ಯಾವ ನಿಯಮಕ್ಕೂ ಸಿಗದ ಬಹುಭುಜಾಕೃತಿ.

ಮಂಡಕ್ಕಿ ಭಟ್ಟಿ:
ನಿಯಮಕ್ಕೆ ಸಿಗದಿದ್ದರೂ ಹೊರಕೋನಗಳ ಮೊತ್ತ 360. ಅದೊಂದು ನನಗೆ ಗೊತ್ತು. ಹಾಗಾಗಿ ಒಳಕೋನಗಳ ಮೊತ್ತವೂ 360.

ಎರಡು ಅಂಕ:
ಮೊದಲ ವಾಕ್ಯಕ್ಕೆ ಒಂದು ಅಂಕ, ಎರಡನೆಯದಕ್ಕೆ ಸೊನ್ನೆ. ಒಳಕೋನಗಳ ಮೊತ್ತ 360 ಆಗುವುದು ಚತುರ್ಭುಜದಲ್ಲಿ ಮಾತ್ರ. ಪಂಚಭುಜದಲ್ಲಿ 540, ಷಡ್ಭುಜದಲ್ಲಿ 720. ಒಂದು ಬಾಹು ಹೆಚ್ಚಿದರೆ 180 ಹೆಚ್ಚುತ್ತದೆ, ಏಕೆಂದರೆ ಒಂದು ತ್ರಿಭುಜ ಹೆಚ್ಚಿಗೆ ಸೇರುತ್ತದೆ.

ಕೆರೆ ಏರಿ:
ಹೊರಕೋನದ 360 ನನಗೆ ಅರ್ಥವಾದದ್ದು ಕುಂದವಾಡ ಕೆರೆಯ ಹತ್ತಿರ ಬೆಳಗಿನ ನಡಿಗೆಯಲ್ಲಿ, ನಲವತ್ತೈದನೇ ವಯಸ್ಸಿನಲ್ಲಿ. ಪ್ರತಿ ತಿರುವಿನಲ್ಲೂ ಮೈ ಸ್ವಲ್ಪ ತಿರುಗುತ್ತದೆ. ಹೊರಟ ಜಾಗಕ್ಕೆ, ಹೊರಟ ದಿಕ್ಕಿಗೇ ಮುಖ ಮಾಡಿ ಬಂದು ನಿಂತಾಗ ಒಟ್ಟು ಒಂದು ಪೂರ್ತಿ ಸುತ್ತು ತಿರುಗಿರುತ್ತೇವೆ. ದಾರಿಯಲ್ಲಿ ಮೂರು ತಿರುವು ಇರಲಿ, ಮುನ್ನೂರು ಇರಲಿ. ಎಡಕ್ಕೆ ತಿರುಗಿದ್ದನ್ನು ಕೂಡಬೇಕು, ನಡುವೆ ಬಲಕ್ಕೆ ತಿರುಗಿದ್ದರೆ ಕಳೆಯಬೇಕು. ಇಷ್ಟನ್ನು ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ನಡೆಸಿದ್ದರೆ ನನಗೆ ಮೂವತ್ತು ವರ್ಷ ಉಳಿಯುತ್ತಿತ್ತು.

ಅಶೋಕ ರಸ್ತೆ ಅಕ್ಕ:
ಕೋಟೆಗೂ ಅದೇ ತಿದ್ದುಪಡಿ ಬೇಕು ಅಲ್ಲವೇ? ಗೋಡೆ ಒಳಗೆ ಬಾಗಿದ ಕಡೆಯಲ್ಲಿ ಹೊರಕೋನವನ್ನು ಕಳೆಯಬೇಕು.

ಎರಡು ಅಂಕ:
ಹೌದು ಅಕ್ಕ. ನಾನು ಕೊಟ್ಟ ಒಂದು ಅಂಕದಲ್ಲಿ ಅರ್ಧ ವಾಪಸ್.

ಗಾರೆ ಕೆಲಸ (ಚನ್ನಗಿರಿ):
ಮನೆ ಕಟ್ಟಿಸುವವರೊಬ್ಬರು ದೇವರ ಮನೆಗೆ ಐದು ಮೂಲೆಯ ಟೈಲ್ಸ್ ಬೇಕು, ಐದೂ ಬದಿ, ಐದೂ ಮೂಲೆ ಒಂದೇ ಅಳತೆ ಇರಬೇಕು, ನಡುವೆ ಸಂದಿ ಕಾಣಬಾರದು ಎಂದು ಪಟ್ಟು ಹಿಡಿದಿದ್ದರು. ಆಗುವುದಿಲ್ಲ ಎಂದರೆ ನಿನಗೆ ಕೆಲಸ ಬರುವುದಿಲ್ಲ ಎಂದರು. ರಟ್ಟಿನಲ್ಲಿ ನಾಲ್ಕು ತುಂಡು ಕತ್ತರಿಸಿ ನೆಲದ ಮೇಲೆ ಜೋಡಿಸಿ ತೋರಿಸಿದೆ. ಮೂರು ಕೂರುತ್ತವೆ, ನಾಲ್ಕನೆಯದು ಹಿಡಿಸುವುದಿಲ್ಲ.

ಎರಡು ಅಂಕ:
ನಿಯಮಿತ ಪಂಚಭುಜದ ಒಳಕೋನ 108. ಮೂರು ಸೇರಿದರೆ 324, ಉಳಿದ ಸಂದಿ 36 ಡಿಗ್ರಿ. ನೀವು ಮಾಡಿದ್ದು ಪಕ್ಕಾ ಸಾಧನೆ. ಒಂದೇ ಬಗೆಯ ನಿಯಮಿತ ಆಕೃತಿಯಿಂದ ನೆಲ ಮುಚ್ಚಲು ಒಳಕೋನ 360ನ್ನು ಶೇಷವಿಲ್ಲದೆ ಭಾಗಿಸಬೇಕು. 60, 90, 120 ಮಾತ್ರ ಆ ಕೆಲಸ ಮಾಡುತ್ತವೆ: ಸಮಬಾಹು ತ್ರಿಭುಜ, ಚೌಕ, ಷಡ್ಭುಜ.

ಗಾರೆ ಕೆಲಸ:
ಎಂಟು ಮೂಲೆಯದು ಹಾಕಿದ್ದೇನಲ್ಲ?

ಎರಡು ಅಂಕ:
ಜೊತೆಗೆ ಸಣ್ಣ ಚೌಕ ಹಾಕಿರುತ್ತೀರಿ. 135, 135, 90. ಕೂಡಿ ನೋಡಿ.

ಗಾರೆ ಕೆಲಸ:
ಹೌದು, ಕರಿ ಚೌಕ! ಇಪ್ಪತ್ತು ವರ್ಷದಿಂದ ಅದು ಅಂದಕ್ಕೆ ಎಂದುಕೊಂಡಿದ್ದೆ.

ವಿದ್ಯಾನಗರದ ಅಪ್ಪ:
ನನ್ನ ಮಗಳು ಈಗ ಇದನ್ನೆಲ್ಲ ನನ್ನ ಭುಜದ ಮೇಲಿನಿಂದ ಓದುತ್ತಿದ್ದಾಳೆ. ಅವಳ ಪ್ರಶ್ನೆ: ಜ್ಯಾಕ್ಕೆ ಆ ಹೆಸರು ಏಕೆ? ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು:
ಜ್ಯಾ ಎಂದರೆ ಬಿಲ್ಲಿನ ಹೆದೆ. ಕಂಸಕ್ಕೆ ಹಳಬರು ಚಾಪ ಎನ್ನುತ್ತಿದ್ದರು, ಅಂದರೆ ಬಿಲ್ಲು. ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಲಂಬವಾಗಿ ಎಳೆದ ಗೆರೆ ಶರ, ಅಂದರೆ ಬಾಣ. ಚಿತ್ರವನ್ನು ಒಮ್ಮೆ ಪಕ್ಕಕ್ಕೆ ತಿರುಗಿಸಿ ನೋಡು ಮಗೂ, ಪೂರ್ತಿ ಬಿಲ್ಲು ಬಾಣ ಕಾಣುತ್ತದೆ.

ಈ ಬಾಣ ಬಹಳ ಉಪಯೋಗದ್ದು. ವ್ಯಾಸ ಜ್ಯಾವನ್ನು ಲಂಬವಾಗಿ ಕತ್ತರಿಸಿದಾಗ ವ್ಯಾಸದ ಎರಡು ತುಂಡುಗಳ ಗುಣಲಬ್ಧ ಅರ್ಧ ಜ್ಯಾದ ವರ್ಗಕ್ಕೆ ಸಮ. ಆರ್ಯಭಟ ಕ್ರಿ.ಶ. 499ರಲ್ಲೇ ಇದನ್ನು ಸೂತ್ರದಲ್ಲಿ ಹೇಳಿದ್ದಾನೆ. ಅದೇ ಕೃತಿಯಲ್ಲಿ ವ್ಯಾಸ 20,000 ಇದ್ದರೆ ಪರಿಧಿ ಸುಮಾರು 62,832 ಎಂದಿದ್ದಾನೆ. ಭಾಗಿಸಿದರೆ 3.1416. ನಾವು ಇನ್ನೂ 22/7ರಲ್ಲಿ ಕಾಲ ಹಾಕುತ್ತಿದ್ದೇವೆ.

ಕೋಟೆಮನೆ:
ಈಗ ನನ್ನ ಸರದಿ. ಚಂದ್ರವಳ್ಳಿಯಲ್ಲಿ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದ್ದು ಇತಿಹಾಸ ಓದಿದವರಿಗೆ ಗೊತ್ತು. ಇಂತಹ ಕಡೆ ನೆಲದಿಂದ ಬರುವ ಮಡಕೆಗಳು ಇಡಿಯಾಗಿ ಸಿಗುವುದು ಅಪರೂಪ, ಬರುವುದು ಬೋಕಿ ಚೂರುಗಳು. ಬಾಯಿಯ ಅಂಚಿನ ಒಂದು ಚೂರು ಸಿಕ್ಕರೆ ಆ ಮಡಕೆ ಎಷ್ಟು ಅಗಲ ಇತ್ತು ಎಂದು ಹೇಳಬಹುದು, ಏಕೆಂದರೆ ಆ ಚೂರು ಒಂದು ಕಂಸ. ಏಕಕೇಂದ್ರೀಯ ವೃತ್ತಗಳನ್ನು ಬರೆದ ಹಾಳೆಯ ಮೇಲೆ ಚೂರನ್ನು ಇಟ್ಟು ಯಾವ ವೃತ್ತಕ್ಕೆ ಕೂರುತ್ತದೆ ಎಂದು ನೋಡುತ್ತಾರೆ. ಮೇಷ್ಟ್ರು ಹೇಳಿದ ಬಾಣದ ಸೂತ್ರವೂ ನಡೆಯುತ್ತದೆ. ಚೂರಿನ ತುದಿಯಿಂದ ತುದಿಗೆ 12 ಸೆಂ.ಮೀ., ನಡುವಿನ ಉಬ್ಬು 2 ಸೆಂ.ಮೀ. ಎಂದಿಟ್ಟುಕೊಳ್ಳಿ. 6ರ ವರ್ಗ 36, ಅದನ್ನು 2ರಿಂದ ಭಾಗಿಸಿದರೆ 18. 18ಕ್ಕೆ 2 ಕೂಡಿಸಿದರೆ ವ್ಯಾಸ 20 ಸೆಂ.ಮೀ.

ಅಶೋಕ ರಸ್ತೆ ಅಕ್ಕ:
ಮಡಕೆ ಹುಡುಕಲು ಚಂದ್ರವಳ್ಳಿಗೆ ಹೋಗಬೇಕಾಗಿಲ್ಲ, ಮನೆಯಲ್ಲಿ ಒಡೆದ ಬಳೆ ಇದ್ದೇ ಇರುತ್ತದೆ. ಹಾಳೆಯ ಮೇಲೆ ಇಟ್ಟು ಗೆರೆ ಎಳೆದು, ಎರಡು ಜ್ಯಾ ಹಾಕಿ, ಎರಡಕ್ಕೂ ಲಂಬಾರ್ಧಕ, ಅಂದರೆ ನಡುವಿನಲ್ಲಿ ಲಂಬವಾಗಿ ಕತ್ತರಿಸುವ ಗೆರೆ, ಎಳೆಯಿರಿ. ಕೂಡಿದ ಜಾಗ ಕೇಂದ್ರ. ಆಮೇಲೆ ಕೈವಾರದಲ್ಲಿ ಪೂರ್ತಿ ಬಳೆ ಬರೆದು ಮುಗಿಸುವುದು. ನನ್ನ ಮಗಳಿಗೆ ಇದು ಎಷ್ಟು ಹಿಡಿಸಿತೆಂದರೆ ನನ್ನ ಒಳ್ಳೆಯ ಬಳೆಯೂ ಒಂದು ಹೋಯಿತು.

ಮಂಡಕ್ಕಿ ಭಟ್ಟಿ:
ಜ್ಯಾ ಮತ್ತು ಕಂಸದ ವ್ಯತ್ಯಾಸ ತಿಳಿಯಲು ಜಯದೇವ ವೃತ್ತಕ್ಕೆ ಬನ್ನಿ. ನಿಯಮ ಹೇಳುವುದು ಕಂಸದ ಮೇಲೆ ಸುತ್ತಿ ಹೋಗು ಎಂದು. ನಮ್ಮ ಬೈಕ್ ಸವಾರರು ಹೋಗುವುದು ಜ್ಯಾದ ಮೇಲೆ.

ಹತ್ತನೇ ಬಿ:
ಅಲ್ಲಿ ನಿಂತಿರುವ ಸಂಚಾರ ಪೊಲೀಸರಿಗೆ ಎರಡೂ ಚೆನ್ನಾಗಿ ಗೊತ್ತು.

ಜೋಗಿಮಟ್ಟಿ ಗಾಳಿ:
ಹತ್ತನೇ ಬಿ, ಬಾಯಿಪಾಠವೇ ಭದ್ರ ಎಂದೆಯಲ್ಲ, ಒಂದು ಲೆಕ್ಕ ತೆಗೆದುಕೋ. ನಮ್ಮ ಊರಿನ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುವುದನ್ನು ಹೆದ್ದಾರಿಯಲ್ಲಿ ಹೋಗುವಾಗ ನೋಡಿರುತ್ತೀಯ. ಮೂರು ರೆಕ್ಕೆ, ಸಮ ಅಂತರ. ನಡುವಿನಿಂದ ತುದಿಯವರೆಗೆ 40 ಮೀಟರ್ ಎಂದಿಟ್ಟುಕೋ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ನೇರ ದೂರ ಎಷ್ಟು? ಗೈಡಿನಲ್ಲಿ ಹುಡುಕಬೇಡ.

ಹತ್ತನೇ ಬಿ:
80 ಮೀಟರ್. ವ್ಯಾಸ.

ಜೋಗಿಮಟ್ಟಿ ಗಾಳಿ:
ಎರಡು ರೆಕ್ಕೆಗಳು ಎದುರುಬದುರು ಇದ್ದರೆ ತಾನೇ ವ್ಯಾಸ?

ವಿದ್ಯಾನಗರದ ಅಪ್ಪ:
ಮಗಳು ಹೇಳುತ್ತಿದ್ದಾಳೆ, ಮೊದಲು ಚಿತ್ರ ಬರೆಯಬೇಕಂತೆ, ದೊಡ್ಡದಾಗಿ.

ಹತ್ತನೇ ಬಿ:
ಬರೆದೆ. ರೆಕ್ಕೆಗಳ ನಡುವೆ 120 ಡಿಗ್ರಿ. ಎರಡು ರೆಕ್ಕೆ ಮತ್ತು ಆ ದೂರ ಸೇರಿ ಸಮದ್ವಿಬಾಹು ತ್ರಿಭುಜ, ಪಾದಕೋನಗಳು 30, 30. ಕೇಂದ್ರದಿಂದ ಲಂಬ ಎಳೆದರೆ ಅರ್ಧ ಜ್ಯಾ 40 × √3/2. ಪೂರ್ತಿ 40√3. ಸುಮಾರು 69.28 ಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ಸುತ್ತಿ ಹೋದರೆ ಕಂಸ 83.8 ಮೀಟರ್ ಬರುತ್ತದೆ.

ಜೋಗಿಮಟ್ಟಿ ಗಾಳಿ:
ಎರಡೂ ಸರಿ. ಕಂಸ ಕೇಳಿರಲಿಲ್ಲ, ಅದಕ್ಕೆ ಬೇರೆ ಅಂಕ. ಈಗ ಹೇಳು, ರೆಕ್ಕೆ ತಿರುಗಿ ಚಿತ್ರ ಓರೆಯಾದರೆ?

ಹತ್ತನೇ ಬಿ:
ಗಾಳಿ ಬೀಸಲಿ, ನಿಲ್ಲಲಿ, 69.28 ಅಣ್ಣಾ.